ಲೇಖನ ನಾನೂರು ಸರಿ, ಅದರಲ್ಲಿ ನಿಮ್ಮ ಕೆಲಸ ಯಾವುದು? ಕಣ ಭೌತಶಾಸ್ತ್ರದ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕುವವರಿಗೆ

ಪ್ರಶ್ನೆ: ನಾನು ನಾಪೋಕ್ಲಿನ ಕಡೆಯವಳು. ಭಾರತದಲ್ಲೇ ಪಿಎಚ್‌ಡಿ ಮುಗಿಸಿ ಈಗ ಜರ್ಮನಿಯಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧಕಿ) ಆಗಿದ್ದೇನೆ, ಜಿನೀವಾ ಹತ್ತಿರದ ಸೆರ್ನ್ ಪ್ರಯೋಗಾಲಯದಲ್ಲಿ ಕಣಗಳ ಡಿಕ್ಕಿಯನ್ನು ನೋಡುವ ಸಿಎಂಎಸ್ ಪ್ರಯೋಗದಲ್ಲಿ. ಇದು ಮೂರನೇ ವರ್ಷ. ನನ್ನ ಹೆಸರಿರುವ ಲೇಖನಗಳು ನಾನೂರು ದಾಟಿವೆ. ಆದರೂ ಎರಡು ಕಡೆ ಹಾಕಿದ ಅರ್ಜಿ ಸಂದರ್ಶನದವರೆಗೂ ಹೋಗಲಿಲ್ಲ. ಆಯ್ಕೆ ಸಮಿತಿಯವರು ನಿಜಕ್ಕೂ ಏನು ನೋಡುತ್ತಾರೆ? ಊರಿಗೆ ಹತ್ತಿರ, ಕೊಡಗು ವಿಶ್ವವಿದ್ಯಾಲಯದಂಥ ಕಡೆ ಈ ವಿಷಯಕ್ಕೆ ಜಾಗ ಇದೆಯಾ? ಹುತ್ತರಿಗೆ ಮನೆಗೆ ಬಂದಾಗಲೆಲ್ಲ ಅಪ್ಪ ಇದನ್ನೇ ಕೇಳುತ್ತಾರೆ.

ಉತ್ತರ: ನಾನೂರು ಲೇಖನ ಅಂತ ಇಲ್ಲಿ ಬರೆದ ಹಾಗೇ ಅರ್ಜಿಯಲ್ಲೂ ಬರೆದಿದ್ದರೆ, ತೊಡಕು ಅಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ವಿಷಯ ತಜ್ಞನಾಗಿ ಆಯ್ಕೆ ಸಮಿತಿಗಳಲ್ಲಿ ಕೂತವನು ನಾನು. ನಮ್ಮ ಕ್ಷೇತ್ರದ ಅರ್ಜಿ ಬಂದಾಗ ಆ ಸಂಖ್ಯೆಯ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ಸಿಎಂಎಸ್ ಇದುವರೆಗೆ ಸಾವಿರಕ್ಕೂ ಜಾಸ್ತಿ ಲೇಖನ ಪ್ರಕಟಿಸಿದೆ, ಪ್ರತಿಯೊಂದರಲ್ಲೂ ಎರಡು ಸಾವಿರದ ಆಸುಪಾಸು ಹೆಸರು. ನಾಲ್ಕೈದು ವರ್ಷ ಅಲ್ಲಿದ್ದವರಿಗೆಲ್ಲ ನೂರಾರು ಲೇಖನ ಇದ್ದೇ ಇರುತ್ತವೆ. ಸೆರ್ನ್‌ನ ಇನ್ನೊಂದು ಪ್ರಯೋಗ ಅಟ್ಲಾಸ್ ಮತ್ತು ಸಿಎಂಎಸ್ ಸೇರಿ 2015ರಲ್ಲಿ ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ ಬರೆದ ಲೇಖನಕ್ಕೆ 5,154 ಲೇಖಕರು. ಒಟ್ಟು 33 ಪುಟ, ಅದರಲ್ಲಿ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳ ಪಟ್ಟಿ. ಆ ಲೇಖನದಲ್ಲಿ ನನ್ನ ಹೆಸರಿದೆ ಅಂತ ಹೇಳಿದರೆ ನೀವು ಆ ಪ್ರಯೋಗದಲ್ಲಿ ಇದ್ದಿರಿ ಅಂತ ಗೊತ್ತಾಗುತ್ತದೆ. ಏನು ಮಾಡಿದಿರಿ ಅಂತ ಗೊತ್ತಾಗುವುದಿಲ್ಲ.

ಹೆಸರಿನ ಕ್ರಮ ನೋಡಿ ಹೇಳೋಣ ಅಂದರೆ ಅದೂ ಆಗುವುದಿಲ್ಲ. ಅಟ್ಲಾಸ್‌ನಲ್ಲಿ ಅಕ್ಷರಮಾಲೆಯ ಕ್ರಮ. ಸಿಎಂಎಸ್‌ನಲ್ಲಿ ದೇಶ ಮತ್ತು ಸಂಸ್ಥೆಯ ಕ್ರಮ, ಹಾಗಾಗಿ ಅರ್ಮೇನಿಯಾದ ಯೆರೆವಾನ್ ಸಂಸ್ಥೆಯವರು ಯಾವಾಗಲೂ ಮೊದಲು. ಇದನ್ನು ಬಲ್ಲವರು ಸಮಿತಿಯಲ್ಲಿ ಇದ್ದರೆ ಪರವಾಗಿಲ್ಲ. ಇಲ್ಲದಿದ್ದರೆ ಕಷ್ಟ. ರಸಾಯನ ಅಥವಾ ಘನ ಸ್ಥಿತಿ ಭೌತಶಾಸ್ತ್ರದ ಹಿನ್ನೆಲೆಯವರಿಗೆ ಮೊದಲ ಹೆಸರು ಎಂದರೆ ಕೆಲಸ ಮಾಡಿದವರು, ಕೊನೆಯ ಹೆಸರು ಎಂದರೆ ಲ್ಯಾಬಿನ ಮುಖ್ಯಸ್ಥರು. ಅವರು ನಿಮ್ಮ ಪಟ್ಟಿ ತೆರೆದು ನೋಡಿದರೆ ನಾನೂರರಲ್ಲಿ ಒಂದರಲ್ಲೂ ನೀವು ಮೊದಲಿಲ್ಲ.

ಯುಜಿಸಿ ನಿಯಮಗಳು ಬರೆದಿರುವ ರೀತಿಯೂ ನಮ್ಮಂಥ ಪ್ರಯೋಗಗಳಿಗೆ ಹೊಂದುವುದಿಲ್ಲ, ಇದನ್ನು ಅರ್ಥ ಮಾಡಿಕೊಂಡಿರಿ. 2018ರ ನಿಯಮಾವಳಿಯಲ್ಲಿ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂದರ್ಶನಕ್ಕೆ ಕರೆಯಬೇಕಾದವರನ್ನು ಆರಿಸಲು ಒಂದು ಅಂಕಪಟ್ಟಿ ಇದೆ. ಅದರಲ್ಲಿ ಒಂದು ಲೇಖನಕ್ಕೆ 2 ಅಂಕ, ಆದರೆ ಗರಿಷ್ಠ 10. ಅಂದರೆ ಐದು ಲೇಖನಕ್ಕೆ ಲೆಕ್ಕ ಮುಗಿಯಿತು, ಉಳಿದವು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಪಿಎಚ್‌ಡಿಗೆ 30. ಪೋಸ್ಟ್‌ಡಾಕ್ ಅಥವಾ ಪಾಠ ಮಾಡಿದ ಅನುಭವಕ್ಕೆ ವರ್ಷಕ್ಕೆ 2, ಅದೂ ಗರಿಷ್ಠ 10. ಎಂಎಸ್ಸಿಯಲ್ಲಿ ಶೇ 80 ದಾಟಿದ್ದರೆ 25, ಶೇ 60ರಿಂದ 80ರ ನಡುವೆ ಇದ್ದರೆ 23. ಹಾಗಾಗಿ ಯಾವತ್ತೋ ಬರೆದ ಎಂಎಸ್ಸಿ ಪರೀಕ್ಷೆಯ ಅಂಕ ನಿಮ್ಮ ಎಲ್ಲ ಸಿಎಂಎಸ್ ಲೇಖನಗಳಿಗಿಂತ ಜಾಸ್ತಿ ತೂಗುತ್ತದೆ. ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ ಹುದ್ದೆಗಳಿಗೆ ಹೋದರೆ ಇನ್ನೊಂದು ಸೂತ್ರ: ಇಬ್ಬರಿಗಿಂತ ಜಾಸ್ತಿ ಲೇಖಕರಿದ್ದರೆ ಮೊದಲ, ಮುಖ್ಯ ಅಥವಾ ಪತ್ರವ್ಯವಹಾರದ ಲೇಖಕರಿಗೆ ಶೇ 70, ಉಳಿದ ಪ್ರತಿಯೊಬ್ಬರಿಗೂ ಶೇ 30. ಮೂರು ನಾಲ್ಕು ಜನ ಸೇರಿ ಬರೆಯುವ ಲೇಖನಕ್ಕೆ ಇದು ಸರಿ ಹೋಗುತ್ತದೆ. ಸಾವಿರಾರು ಜನ ಇರುವ ಕಡೆ, ಪತ್ರವ್ಯವಹಾರದ ವಿಳಾಸವೂ ಇಡೀ ಪ್ರಯೋಗದ್ದೇ ಆಗಿರುವಾಗ, ಈ ಸೂತ್ರಕ್ಕೆ ಅರ್ಥವೇ ಉಳಿಯುವುದಿಲ್ಲ. 2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ಹೊರಡಿಸಿತು. ಆದ್ದರಿಂದ ನೀವು ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆ ಅಂತ ಜಾಹೀರಾತಿನಲ್ಲೇ ನೋಡಿ.

ಅಂಕಪಟ್ಟಿ ಸಂದರ್ಶನದ ಬಾಗಿಲವರೆಗೆ ಮಾತ್ರ. ಐಐಟಿಗಳಲ್ಲಿ, ಐಸರ್‌ಗಳಲ್ಲಿ (ಕೇಂದ್ರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು) ಅದೂ ಇಲ್ಲ, ವಿಭಾಗದವರೇ ಅರ್ಜಿ ಓದಿ ತೀರ್ಮಾನ ಮಾಡುತ್ತಾರೆ. ಎರಡು ಕಡೆಯೂ ಕೊನೆಗೆ ಕೇಳುವ ಪ್ರಶ್ನೆ ಒಂದೇ: ಈ ಗುಂಪಿನಲ್ಲಿ ಈಕೆ ಇಲ್ಲದಿದ್ದರೆ ಯಾವ ಕೆಲಸ ಆಗುತ್ತಿರಲಿಲ್ಲ? ಅದಕ್ಕೆ ಉತ್ತರ ನಿಮ್ಮ ಅರ್ಜಿಯ ಮೊದಲ ಪುಟದಲ್ಲೇ ಇರಬೇಕು.

ಹೀಗೆ ಮಾಡಿ. ನಾನೂರರ ಪಟ್ಟಿ ಕೊನೆಗೆ ಹೋಗಲಿ, ಅಥವಾ ಒಂದು ಲಿಂಕ್ ಸಾಕು. ನಿಮ್ಮ ಕೈ ನಿಜವಾಗಿ ಆಡಿದ ನಾಲ್ಕೋ ಐದೋ ಲೇಖನ ಆರಿಸಿ. ಒಂದೊಂದಕ್ಕೂ ಮೂರು ನಾಲ್ಕು ಸಾಲು ಬರೆಯಿರಿ. ಹಿನ್ನೆಲೆಯ (ಹುಡುಕುವ ಸಂಕೇತದಂತೆಯೇ ಕಾಣುವ ಬೇರೆ ಘಟನೆಗಳ) ಅಂದಾಜು ನಾನು ಮಾಡಿದೆ, ಈ ಚಿತ್ರ ನನ್ನದು, ಟ್ರಿಗರ್‌ನ (ಯಾವ ಡಿಕ್ಕಿಯ ಡೇಟಾ ಉಳಿಸಬೇಕು ಅಂತ ತೀರ್ಮಾನಿಸುವ ವ್ಯವಸ್ಥೆಯ) ದಕ್ಷತೆ ಅಳೆದಿದ್ದು ನಾನು ಮತ್ತು ಇನ್ನೊಬ್ಬ ವಿದ್ಯಾರ್ಥಿ, ಹೀಗೆ ನೇರವಾಗಿ. ಪ್ರಯೋಗದ ಒಳಗಿನ ಟಿಪ್ಪಣಿಗಳು ಹೊರಗಿನವರಿಗೆ ಕಾಣುವುದಿಲ್ಲ ನಿಜ, ಆದರೆ ಅವುಗಳಲ್ಲಿ ಕೆಲವೇ ಹೆಸರು ಇರುತ್ತವೆ ಮತ್ತು ಯಾರು ಏನು ಮಾಡಿದರು ಅನ್ನುವುದು ಅಲ್ಲೇ ತಿಳಿಯುವುದು. ಅವುಗಳ ಸಂಖ್ಯೆ, ಶೀರ್ಷಿಕೆ, ನೀವು ಸಂಪರ್ಕ ವ್ಯಕ್ತಿ ಆಗಿದ್ದರೆ ಅದನ್ನೂ ಹಾಕಿ. ಸಮ್ಮೇಳನದಲ್ಲಿ ಇಡೀ ಪ್ರಯೋಗದ ಪರವಾಗಿ ಮಾತಾಡಿದ್ದರೆ ಅದು ದೊಡ್ಡ ವಿಷಯ. ಅಂಥ ಭಾಷಣಕ್ಕೆ ಯಾರು ಹೋಗಬೇಕು ಅಂತ ಒಳಗಿನ ಸಮಿತಿ ಆರಿಸುತ್ತದೆ ಅನ್ನುವುದನ್ನು ಒಂದು ಸಾಲಲ್ಲಿ ಹೇಳಿಬಿಡಿ, ಏಕೆಂದರೆ ಓದುವವರಿಗೆ ಅದು ಗೊತ್ತಿರುವುದಿಲ್ಲ. ಡಿಟೆಕ್ಟರ್ (ಕಣ ಗುರುತಿಸುವ ಉಪಕರಣ) ನೋಡಿಕೊಳ್ಳುವ ಸರದಿ ಕೆಲಸ, ಲೇಖಕರ ಪಟ್ಟಿಗೆ ಸೇರಲು ಮಾಡಲೇಬೇಕಾದ ಸೇವೆ, ಇವನ್ನೆಲ್ಲ ಎಷ್ಟೋ ಜನ ಬರೆಯುವುದೇ ಇಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯ.

ಇನ್ನು ಶಿಫಾರಸು ಪತ್ರ. ಇಷ್ಟು ದೊಡ್ಡ ಗುಂಪಿನ ಕೆಲಸದಲ್ಲಿ ಪತ್ರಕ್ಕೆ ಇರುವಷ್ಟು ತೂಕ ಬೇರೆ ಯಾವುದಕ್ಕೂ ಇಲ್ಲ. ತೋಟದಲ್ಲಿ ಕಾಫಿ ಕೊಯ್ಲಿನ ದಿನ ಸಂಜೆ ಎಲ್ಲರ ಹಣ್ಣೂ ಒಂದೇ ಅಂಗಳಕ್ಕೆ ಬೀಳುತ್ತದೆ, ಆಮೇಲೆ ರಾಶಿ ನೋಡಿ ಯಾರು ಎಷ್ಟು ಕೊಯ್ದರು ಅಂತ ಹೇಳಲಾಗುವುದಿಲ್ಲ, ತೂಕ ಹಾಕಿ ಪುಸ್ತಕದಲ್ಲಿ ಬರೆದುಕೊಂಡ ರೈಟರಿಗೆ ಮಾತ್ರ ಗೊತ್ತು. ನಿಮಗೆ ಪತ್ರ ಕೊಡುವವರು ಆ ಪುಸ್ತಕ ಇಟ್ಟವರಾಗಿರಬೇಕು. ಹೆಸರು ದೊಡ್ಡದು ಅಂತ, ನಿಮ್ಮನ್ನು ವರ್ಷಕ್ಕೆ ಎರಡು ಸಲ ಮೀಟಿಂಗ್‌ನಲ್ಲಿ ನೋಡಿದವರ ಹತ್ತಿರ ಪತ್ರ ಕೇಳಬೇಡಿ. ಈಗಿನ ಪೋಸ್ಟ್‌ಡಾಕ್ ಮಾರ್ಗದರ್ಶಕರದ್ದು ಒಂದು, ನೀವು ಕೆಲಸ ಮಾಡಿದ ಉಪಗುಂಪಿನ ಸಂಚಾಲಕರದ್ದು ಒಂದು, ಡಿಟೆಕ್ಟರ್ ಕಡೆಯಿಂದ ಒಂದು. ಸಾಧ್ಯವಾದರೆ ಒಬ್ಬರಾದರೂ ನಿಮ್ಮ ಸಂಸ್ಥೆಯ ಹೊರಗಿನವರಾಗಿರಲಿ. ಅವರಿಗೆ ನೀವು ಮಾಡಿದ ಕೆಲಸದ ಒಂದು ಪುಟದ ಟಿಪ್ಪಣಿ ಮೊದಲೇ ಕಳಿಸಿ, ಹೀಗೆ ಕಳಿಸುವುದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ. "ಶ್ರಮಜೀವಿ, ಪ್ರಾಮಾಣಿಕ, ಒಳ್ಳೆಯ ನಡತೆ" ಅಂತ ಮುಗಿಯುವ ಪತ್ರಗಳು ನಮ್ಮ ದೇಶದಲ್ಲಿ ರಾಶಿ ರಾಶಿ ಬರುತ್ತವೆ. ಅವುಗಳಿಂದ ಸಮಿತಿಗೆ ಏನೂ ತಿಳಿಯುವುದಿಲ್ಲ, ಒಳ್ಳೆಯ ಹುಡುಗ ಹುಡುಗಿಯರು ಇದರಿಂದಲೇ ಹಿಂದೆ ಬಿದ್ದದ್ದನ್ನು ನೋಡಿ ನನಗೆ ಬೇಜಾರಾಗಿದೆ.

ಸಂದರ್ಶನಕ್ಕೆ ಕರೆ ಬಂದರೆ ಎದುರಿಗೆ ಯಾರು ಕೂತಿರುತ್ತಾರೆ ಅಂತ ಮೊದಲು ಯೋಚಿಸಿ. ವಿಶ್ವವಿದ್ಯಾಲಯದಲ್ಲಾದರೆ ಕುಲಪತಿ ಅಧ್ಯಕ್ಷರು, ಹೊರಗಿನ ಮೂವರು ವಿಷಯ ತಜ್ಞರು, ಡೀನ್, ವಿಭಾಗದ ಮುಖ್ಯಸ್ಥರು, ಇನ್ನೂ ಒಂದಿಬ್ಬರು. ವಿಷಯ ತಜ್ಞರು ಅಂದರೆ ಭೌತಶಾಸ್ತ್ರದ ತಜ್ಞರು. ಮೂವರಲ್ಲಿ ಒಬ್ಬರೂ ಕಣ ಭೌತಶಾಸ್ತ್ರದವರು ಇಲ್ಲದೇ ಇರಬಹುದು. ಅವರ ಮುಂದೆ ಸಂಕ್ಷಿಪ್ತ ಹೆಸರುಗಳ ಸುರಿಮಳೆ ಸುರಿಸಿದರೆ ಸುಮ್ನೆ ತಲೆಯಾಡಿಸಿ ಮುಂದಿನವರನ್ನು ಕರೆಯುತ್ತಾರೆ.

ನಾನು ಕಂಡ ಒಬ್ಬ ಅಭ್ಯರ್ಥಿಯ ಮಾತು ಹೇಳುತ್ತೇನೆ. ಅವನು ಹಿಗ್ಸ್ ಬಗ್ಗೆ ಎರಡೇ ನಿಮಿಷ ಮಾತಾಡಿದ. ಆಮೇಲೆ ಕಣ ಹಾದುಹೋದದ್ದನ್ನು ಗುರುತಿಸುವ ಒಂದು ರೆಸಿಸ್ಟಿವ್ ಪ್ಲೇಟ್ ಚೇಂಬರ್ ಚಿತ್ರ ಬೋರ್ಡಿನ ಮೇಲೆ ಬರೆದ. ಎರಡು ತಟ್ಟೆ, ನಡುವೆ 2 ಮಿಲಿಮೀಟರ್ ಸಂದು, ಅದರಲ್ಲಿ ಅನಿಲ, ಮೇಲೆ 10 ಸಾವಿರ ವೋಲ್ಟ್ ಹತ್ತಿರ. ಅವನ ಚೇಂಬರುಗಳಲ್ಲಿ ಒಂದು ಮಾತ್ರ ಮಧ್ಯಾಹ್ನವಾದರೆ ಜಾಸ್ತಿ ಕರೆಂಟ್ ಎಳೆಯುತ್ತಿತ್ತು. ಉಷ್ಣತೆ ಮತ್ತು ಗಾಳಿಯ ಒತ್ತಡ ಬದಲಾದರೆ ಈ ಚೇಂಬರುಗಳ ವರ್ತನೆ ಬದಲಾಗುವುದು ಎಲ್ಲರಿಗೂ ಗೊತ್ತು, ಅದಕ್ಕೆ ತಕ್ಕ ಹಾಗೆ ವೋಲ್ಟೇಜ್ ಸರಿಪಡಿಸುತ್ತಾರೆ. ಅವನೂ ಸರಿಪಡಿಸಿದ. ಆದರೂ ಕರೆಂಟ್ ಏರುವುದು ನಿಲ್ಲಲಿಲ್ಲ. ಆಗ ಕೋಣೆಯ ತೇವಾಂಶವನ್ನು ಗಂಟೆಗಂಟೆಗೂ ಬರೆದಿಟ್ಟು ಕರೆಂಟಿನ ಜೊತೆ ಹೋಲಿಸಿದ. ಎರಡೂ ಒಟ್ಟಿಗೇ ಏರುತ್ತಿದ್ದವು. ಅನಿಲದ ಕೊಳವೆ ಸೇರುವ ಒಂದು ಜೋಡಣೆ ಸಡಿಲವಾಗಿ ಹೊರಗಿನ ತೇವದ ಗಾಳಿ ಒಳಗೆ ಹೋಗುತ್ತಿತ್ತು. ಅದನ್ನು ಬದಲಿಸಿದ, ಕರೆಂಟ್ ಇಳಿಯಿತು. ಘನ ಸ್ಥಿತಿ ಭೌತಶಾಸ್ತ್ರದ ಹಿರಿಯರೊಬ್ಬರು ಅಲ್ಲಿವರೆಗೆ ಕುರ್ಚಿಗೆ ಒರಗಿ ಕೂತಿದ್ದರು, ಮುಂದೆ ಬಂದು ಸೋರಿಕೆ ಕರೆಂಟ್ ಮೇಲ್ಮೈಯದ್ದೋ ಒಳಗಿನದ್ದೋ ಅಂತ ಕೇಳಿದರು, ಅದನ್ನು ಹೇಗೆ ಬೇರ್ಪಡಿಸಿದೆ ಅಂತ ಇವನು ಹೇಳಿದ, ಅಲ್ಲಿಂದ ಮುಂದೆ ಅದು ಸಂದರ್ಶನ ಅನಿಸಲೇ ಇಲ್ಲ, ಇಬ್ಬರು ಲ್ಯಾಬಿನವರು ಮಾತಾಡಿಕೊಂಡ ಹಾಗಿತ್ತು. ಅವನಿಗೆ ಕೆಲಸ ಸಿಕ್ಕಿತು.

ಅದೇ ದಿನ ಬಂದ ಇನ್ನೊಬ್ಬರು ದೊಡ್ಡ ಶೋಧದ ವಿಶ್ಲೇಷಣೆಯಲ್ಲಿ ಇದ್ದವರು. ತಾವೇ ತೋರಿಸಿದ ಚಿತ್ರದಲ್ಲಿ ಟ್ರಿಗರ್‌ನ ಮಿತಿ ಅಲ್ಲೇ ಯಾಕಿದೆ ಅಂತ ಕೇಳಿದಾಗ ಉತ್ತರ ಬರಲಿಲ್ಲ. ನೀವು ತೋರಿಸುವ ಪ್ರತಿ ಚಿತ್ರಕ್ಕೂ ಈ ಮೂರಕ್ಕೆ ಉತ್ತರ ಇಟ್ಟುಕೊಳ್ಳಿ: ಈ ಘಟನೆಗಳನ್ನು ಆರಿಸಿದ್ದು ಹೇಗೆ, ಹಿನ್ನೆಲೆ ಎಲ್ಲಿಂದ ಬರುತ್ತದೆ, ಡೇಟಾ ಎರಡು ಪಟ್ಟು ಆದರೆ ಯಾವ ದೋಷ ಕಡಿಮೆಯಾಗುತ್ತದೆ ಯಾವುದು ಹಾಗೇ ಉಳಿಯುತ್ತದೆ.

ಈಗಿನ ಕಾಲಕ್ಕೆ ಸಂಬಂಧಿಸಿದ ಒಂದು ಮಾತು. ಸೆರ್ನ್‌ನಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರ ಎಲ್‌ಎಚ್‌ಸಿ 2026ರ ಮಧ್ಯದಿಂದ ದೀರ್ಘ ನಿಲುಗಡೆಗೆ ಹೋಗುವುದು, 2030ರ ಹೊತ್ತಿಗೆ ಜಾಸ್ತಿ ತೀವ್ರತೆಯಲ್ಲಿ ಮತ್ತೆ ಶುರುವಾಗುವುದು, ಇದು ಯೋಜನೆ. ಈ ನಡುವಿನ ವರ್ಷಗಳಲ್ಲಿ ಹೊಸ ಡಿಕ್ಕಿಗಳಿಲ್ಲ, ಇರುವುದು ಕಟ್ಟುವ ಕೆಲಸ. ಸಿಎಂಎಸ್‌ಗೆ ಬರುತ್ತಿರುವ ಹೊಸ ಕ್ಯಾಲರಿಮೀಟರ್‌ನಲ್ಲಿ (ಕಣಗಳ ಶಕ್ತಿ ಅಳೆಯುವ ಭಾಗ) ಸಿಲಿಕಾನ್ ಮಾತ್ರವೇ ಸುಮಾರು 600 ಚದರ ಮೀಟರ್, ಚಾನೆಲ್‌ಗಳು 60 ಲಕ್ಷದ ಹತ್ತಿರ. ಅದರಲ್ಲಿ ಭಾರತದ ಗುಂಪುಗಳೂ ಇವೆ. ನೀವು ಬರೀ ವಿಶ್ಲೇಷಣೆಯವರಾಗಿದ್ದರೆ ದಯವಿಟ್ಟು ಈಗಲೇ ಏನಾದರೂ ಒಂದು ಜೋಡಣೆ, ಪರೀಕ್ಷೆ ಅಥವಾ ರೀಡ್‌ಔಟ್ (ಸಂಕೇತ ಓದುವ ಎಲೆಕ್ಟ್ರಾನಿಕ್ಸ್) ಕೆಲಸಕ್ಕೆ ಕೈ ಹಾಕಿ. ಪ್ರಯೋಗಾಲಯ ಕಟ್ಟುವುದಕ್ಕೆ ನಿಮ್ಮನ್ನು ಕರೆಯುವವರಿಗೆ ನೀವು ಸ್ಕ್ರೂಡ್ರೈವರ್ ಹಿಡಿದವರು ಅಂತ ಗೊತ್ತಾಗಬೇಕು, ಅಲ್ವಾ?

ಹುದ್ದೆಗಳು ಎಲ್ಲಿವೆ? ಭಾರತ 2017ರಿಂದ ಸೆರ್ನ್‌ನ ಸಹ ಸದಸ್ಯ. ಮುಂಬೈನ ಟಿಐಎಫ್‌ಆರ್, ಕೋಲ್ಕತ್ತಾದ ಸಾಹಾ ಸಂಸ್ಥೆ, ಭುವನೇಶ್ವರದ ನೈಸರ್, ಪಂಜಾಬ್ ಮತ್ತು ದೆಹಲಿ ವಿಶ್ವವಿದ್ಯಾಲಯಗಳು, ಪುಣೆಯ ಐಸರ್, ಐಐಟಿ ಮದ್ರಾಸ್, ನಮ್ಮ ಬೆಂಗಳೂರಿನ ಐಐಎಸ್‌ಸಿ, ಇಲ್ಲೆಲ್ಲ ಸಿಎಂಎಸ್ ಕೆಲಸ ಮಾಡಿದ ಗುಂಪುಗಳಿವೆ. ಜಪಾನಿನ ಬೆಲ್ 2 ಕಣ ಪ್ರಯೋಗದಲ್ಲೂ ನಮ್ಮ ಹಲವು ಸಂಸ್ಥೆಗಳಿವೆ. ಐಐಟಿ, ಐಸರ್‌ಗಳು ಬಹಳಷ್ಟು ಕಡೆ ವರ್ಷವಿಡೀ ಅರ್ಜಿ ತೆಗೆದುಕೊಳ್ಳುತ್ತವೆ. ಪಿಎಚ್‌ಡಿ ನಂತರ ಮೂರು ವರ್ಷದ ಅನುಭವ ಇದ್ದರೆ ಗ್ರೇಡ್ 1 ಸಹಾಯಕ ಪ್ರಾಧ್ಯಾಪಕ ಹುದ್ದೆ, ಮೂಲ ವೇತನ 1,01,500 ರೂಪಾಯಿಯಿಂದ. ಯುಜಿಸಿ ವೇತನದ ವಿಶ್ವವಿದ್ಯಾಲಯಗಳಲ್ಲಿ ಇದೇ ಹೆಸರಿನ ಹುದ್ದೆಗೆ 57,700 ರೂಪಾಯಿಯಿಂದ ಶುರು. ನಿಮಗೆ ಮೂರನೇ ವರ್ಷ ತುಂಬುತ್ತಿದೆ, ಹಾಗಾಗಿ ಇನ್ನು ಕೆಲವೇ ತಿಂಗಳು ಕಾದು ಗ್ರೇಡ್ 1ಕ್ಕೇ ಹಾಕುವುದು ಒಳ್ಳೆಯದು. ಅರ್ಜಿ ಹಾಕಿದ ಮೇಲೆ ಆದೇಶ ಕೈಗೆ ಬರಲು ಒಂದು ವರ್ಷ ಹಿಡಿದರೂ ಗಾಬರಿ ಬೇಡ. ಈ ನಡುವೆ ರಾಮಾನುಜನ್ ಫೆಲೋಶಿಪ್, ಇನ್‌ಸ್ಪೈರ್ ಫ್ಯಾಕಲ್ಟಿ ಇಂಥವಕ್ಕೂ ಹಾಕಿಡಿ. ಎರಡೂ ಐದು ವರ್ಷದವು, ಸಂಬಳದ ಜೊತೆ ಸಂಶೋಧನೆಗೂ ದುಡ್ಡು ಬರುತ್ತದೆ. ಖಾಯಂ ಕೆಲಸ ಅಲ್ಲ, ಆದರೆ ಊರಿಗೆ ಮರಳಿ ಇಲ್ಲಿನವರಿಗೆ ಪರಿಚಯ ಆಗಲು ಒಳ್ಳೆಯ ದಾರಿ.

ಇನ್ನು ಕೊಡಗು ವಿಶ್ವವಿದ್ಯಾಲಯ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಜಾಸ್ತಿ ಹಿಡಿದದ್ದು ಇದೇ. ಚಿಕ್ಕಅಳುವಾರದಲ್ಲಿ ಮಂಗಳೂರು ವಿವಿಯ ಸ್ನಾತಕೋತ್ತರ ಕೇಂದ್ರ ಇದ್ದದ್ದು 2023ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯ ಆಯಿತು. ಎರಡೇ ವರ್ಷದಲ್ಲಿ, 2025ರಲ್ಲಿ, ರಾಜ್ಯದ ಹೊಸ ವಿವಿಗಳನ್ನು ಮುಚ್ಚುವ ಮಾತು ಸರ್ಕಾರದ ಮಟ್ಟದಲ್ಲಿ ಬಂದಾಗ ಇದರ ಹೆಸರೂ ಕೇಳಿಬಂತು. ಹಾಗಾಗಿ ಅಪ್ಪನಿಗೆ ನೇರವಾಗಿಯೇ ಹೇಳಿ: ನಿಮ್ಮ ವಿಷಯದ ಹೆಸರು ಹಾಕಿ ಅಲ್ಲಿ ಜಾಹೀರಾತು ಬರಲಿ ಅಂತ ಕಾಯಬಾರದು. ರಾಜ್ಯದ ವಿವಿಗಳಲ್ಲಿ ಬರುವ ಜಾಹೀರಾತು ಸಾಮಾನ್ಯವಾಗಿ "ಸಹಾಯಕ ಪ್ರಾಧ್ಯಾಪಕರು, ಭೌತಶಾಸ್ತ್ರ" ಅಂತ ಇರುತ್ತದೆ. ಆಮೇಲೆ ಮೀಸಲಾತಿ ರೋಸ್ಟರ್, ಸರ್ಕಾರದ ಒಪ್ಪಿಗೆ, ಇವೆಲ್ಲ ದಾಟಬೇಕು. ಎಷ್ಟೋ ವಿಭಾಗಗಳು ಅತಿಥಿ ಉಪನ್ಯಾಸಕರ ಮೇಲೆಯೇ ನಡೆಯುತ್ತಿವೆ.

ಇನ್ನೊಂದು ತೊಡಕು ಇದೆ, ಇದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಸಿಎಂಎಸ್‌ಗೆ ಸೇರುವುದು ಸಂಸ್ಥೆ, ವ್ಯಕ್ತಿಯಲ್ಲ. ಅಲ್ಲಿನ ಕೊಲಾಬರೇಷನ್ ಬೋರ್ಡ್ ಒಪ್ಪಬೇಕು, ಪಿಎಚ್‌ಡಿ ಆದ ಲೇಖಕರ ತಲೆ ಲೆಕ್ಕದಲ್ಲಿ ವರ್ಷವರ್ಷವೂ ನಿರ್ವಹಣೆಯ ಪಾಲು ಕಟ್ಟಬೇಕು. ಒಬ್ಬರೇ ಅಧ್ಯಾಪಕರು ಇರುವ ಹೊಸ ವಿಭಾಗಕ್ಕೆ ಅದು ಭಾರ. ಹಾಗಾಗಿ ಚಿಕ್ಕ ವಿಶ್ವವಿದ್ಯಾಲಯಗಳು ನಿಮ್ಮಂಥವರನ್ನು ತೆಗೆದುಕೊಳ್ಳುವ ಮೊದಲು, ಈಗಾಗಲೇ ಒಳಗಿರುವ ಒಂದು ಗುಂಪಿನ ಜೊತೆ ಮಾತಾಡಿ ಅವರ ಮೂಲಕ ಕೆಲಸ ಮಾಡುವ ವ್ಯವಸ್ಥೆ ಮಾಡಿಕೊಳ್ಳಬೇಕು. ಒಬ್ಬರನ್ನು ತೆಗೆದುಕೊಂಡು, ಪ್ರಯಾಣಕ್ಕೆ ದುಡ್ಡಿಲ್ಲ, ಕಂಪ್ಯೂಟರ್ ಇಲ್ಲ, ವಾರಕ್ಕೆ ಹದಿನಾರು ಗಂಟೆ ಪಾಠ ಅಂತ ಕೂರಿಸಿದರೆ ಐದು ವರ್ಷದಲ್ಲಿ ಅವರ ಸಂಶೋಧನೆ ನಿಂತುಹೋಗುತ್ತದೆ. ನನಗೆ ತುಂಬ ನೋವು ಕೊಡುವ ಸಂಗತಿ ಇದು. ಹುದ್ದೆ ತುಂಬಿತು ಅಂತ ಎಲ್ಲರೂ ಖುಷಿಪಡುತ್ತಾರೆ, ಒಬ್ಬ ಒಳ್ಳೆಯ ಪ್ರಯೋಗಶೀಲ ವಿಜ್ಞಾನಿಯನ್ನು ಕಳೆದುಕೊಂಡದ್ದು ಯಾರಿಗೂ ಲೆಕ್ಕಕ್ಕೆ ಬರುವುದಿಲ್ಲ.

ಅಷ್ಟಾದರೂ ಚಿಕ್ಕ ಜಾಗದಲ್ಲಿ ಮಾಡಬಹುದಾದ ನಿಜವಾದ ಕೆಲಸ ಇದೆ. ಕರ್ನಾಟಕಕ್ಕೆ ಈ ವಿಷಯ ಹೊಸದೇನಲ್ಲ, ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಆಳದಲ್ಲಿ 1965ರಲ್ಲೇ ವಾತಾವರಣದ ನ್ಯೂಟ್ರಿನೊ (ಬಹುತೇಕ ಎಲ್ಲವನ್ನೂ ತೂರಿ ಹೋಗುವ ಕಣ) ಗುರುತಿಸಿದ್ದರು. ತಮಿಳುನಾಡಿನ ತೇಣಿಯ ನ್ಯೂಟ್ರಿನೊ ವೀಕ್ಷಣಾಲಯಕ್ಕೆ ಕೇಂದ್ರ ಸಂಪುಟ 2015ರಲ್ಲಿ ಒಪ್ಪಿಗೆ ಕೊಟ್ಟರೂ ಸುರಂಗದ ಕೆಲಸ ಶುರುವಾಗಲಿಲ್ಲ, ಆದರೆ ಅದರ ತಯಾರಿಯಲ್ಲಿ ಚೇಂಬರ್ ಕಟ್ಟಲು ಕಲಿತ ಒಂದು ಪೀಳಿಗೆಯೇ ನಮ್ಮಲ್ಲಿದೆ. ಅಂಥ ಚೇಂಬರುಗಳಲ್ಲಿ ಮುಖ್ಯವಾಗಿ ಬಳಸುವುದು ಆರ್134ಎ ಅನಿಲ. ಭೂಮಿ ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ. ಯುರೋಪ್ ಇಂಥ ಅನಿಲಗಳನ್ನು ಹಂತಹಂತವಾಗಿ ಕಡಿಮೆ ಮಾಡುತ್ತಿದೆ, ಹಾಗಾಗಿ ಬದಲಿ ಮಿಶ್ರಣ ಹುಡುಕುವ ಕೆಲಸ ಜಗತ್ತಿನ ಎಷ್ಟೋ ಲ್ಯಾಬುಗಳಲ್ಲಿ ನಡೆಯುತ್ತಿದೆ. ಇದಕ್ಕೆ ವೇಗವರ್ಧಕ ಬೇಕಾಗಿಲ್ಲ. ಆಕಾಶದಿಂದ ಬೀಳುವ ಮ್ಯೂಆನ್ ಕಣಗಳು ಸಾಕು, ಅಂಗೈ ಅಗಲದ ಜಾಗದಲ್ಲಿ ಸೆಕೆಂಡಿಗೆ ಒಂದೆರಡು ಬರುತ್ತಲೇ ಇರುತ್ತವೆ. ಕಣ ಹಾದರೆ ಬೆಳಕು ಚೆಲ್ಲುವ ಎರಡು ಸಿಂಟಿಲೇಟರ್ ಹಲಗೆ, ನಡುವೆ ಚೇಂಬರ್, ಒಂದು ರೀಡ್‌ಔಟ್. ಎಂಎಸ್ಸಿ ಮಕ್ಕಳು ಮೊದಲ ದಿನದಿಂದಲೇ ಕೈ ಹಾಕಬಹುದು. ಚಿಕ್ಕಅಳುವಾರ ಇರುವ ಕುಶಾಲನಗರದ ಕಡೆ ಮಡಿಕೇರಿಯಷ್ಟು ಮಳೆ ಇಲ್ಲ, ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಇದ್ದೇ ಇರುತ್ತದೆ, ಕರೆಂಟೂ ಆಗಾಗ ಹೋಗುತ್ತದೆ. ಅಲ್ಲಿ ಲ್ಯಾಬ್ ಮಾಡುವವರು ಡಿಹ್ಯೂಮಿಡಿಫೈಯರ್ ಮತ್ತು ಯುಪಿಎಸ್‌ಗೆ ಮೊದಲು ದುಡ್ಡು ಇಡಬೇಕು, ಕಂಪ್ಯೂಟರ್ ಆಮೇಲೆ.

ಇದನ್ನು ಹೇಳಿದ್ದಕ್ಕೆ ಕಾರಣ, ಎಲ್ಲೇ ಸಂದರ್ಶನಕ್ಕೆ ಹೋದರೂ "ಇಲ್ಲಿ ಬಂದು ಮೊದಲ ವರ್ಷ ಏನು ಮಾಡುತ್ತೀರಿ" ಅಂತ ಕೇಳಿಯೇ ಕೇಳುತ್ತಾರೆ. ಆ ಕೋಣೆಯಲ್ಲಿ, ಆ ದುಡ್ಡಿನಲ್ಲಿ, ಆ ಮಕ್ಕಳ ಜೊತೆ ಆಗುವ ಕೆಲಸ ಹೇಳಿ. ಸೆರ್ನ್ ಡೇಟಾದ ವಿಶ್ಲೇಷಣೆ ಮುಂದುವರಿಸುತ್ತೇನೆ ಅಂತ ಮಾತ್ರ ಹೇಳಿದರೆ, ಅದಕ್ಕೆ ನಿಮಗೆ ಇಲ್ಲಿನ ಹುದ್ದೆ ಯಾಕೆ ಬೇಕು ಅಂತ ಅವರು ಕೇಳುತ್ತಾರೆ. ಆ ಕಡೆಯ ಸೀಡ್ ಗ್ರಾಂಟ್ (ಲ್ಯಾಬ್ ಶುರು ಮಾಡಲು ಕೊಡುವ ದುಡ್ಡು) ಎಷ್ಟು, ಕೋಣೆ ಎಷ್ಟು ದೊಡ್ಡದು, ವಾರಕ್ಕೆ ಪಾಠ ಎಷ್ಟು ಗಂಟೆ, ವಿದೇಶ ಪ್ರಯಾಣಕ್ಕೆ ರಜೆ ಕೊಡುತ್ತಾರಾ, ಇದನ್ನೆಲ್ಲ ಆದೇಶಕ್ಕೆ ಸಹಿ ಹಾಕುವ ಮೊದಲೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಈ ಸಲ ಊರಿಗೆ ಬಂದಾಗ ಬೆಂಗಳೂರಿನಲ್ಲಿ ಇಳಿದ ದಿನವೇ ಅಲ್ಲಿನ ಗುಂಪಿನವರಿಗೆ ಬರೆದು ಒಂದು ಸೆಮಿನಾರ್ ಕೊಡಲು ಸಾಧ್ಯವಾ ಕೇಳಿ, ಸಾಧ್ಯವಾದರೆ ಪುಣೆ ಅಥವಾ ಚೆನ್ನೈಯಲ್ಲೂ ಒಂದು. ಕೊಡಗಿನ ಯಾವುದಾದರೂ ಕಾಲೇಜಿನಲ್ಲೂ ಮಾತಾಡಿ, ಡಿಗ್ರಿ ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳುವುದು ಆಯ್ಕೆ ಸಮಿತಿಯ ಮುಂದೆ ಮಾತಾಡಲು ಒಳ್ಳೆಯ ತಯಾರಿ. ಅರ್ಜಿಯ ಹೊಸ ಮೊದಲ ಪುಟ ಬರೆದರೆ ನನಗೆ ಕಳಿಸಿ, ಓದಿ ಹೇಳುತ್ತೇನೆ.